ದುಡ್ಡು ವಾಪಸ್ ಬಂತು, ಕೇಸ್ ಯಾಕೆ ಮುಗಿಯಲಿಲ್ಲ? ಗಡಿ ದಾಟುವ ತೀರ್ಪು ಮತ್ತು ಹಸ್ತಾಂತರದ ಲೆಕ್ಕ

2025ರ ಜೂನ್‌ನಲ್ಲಿ ವಿಜಯ್ ಮಲ್ಯ ನಾಲ್ಕು ಗಂಟೆಗೂ ಮಿಕ್ಕಿದ ಒಂದು ಪಾಡ್‌ಕಾಸ್ಟ್‌ನಲ್ಲಿ ಕೂತು ಮಾತಾಡಿದ ಮೇಲೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ವಾದ ಶುರುವಾದವು. ಒಂದು, ‘ಬ್ಯಾಂಕಿಗೆ ಸಾಲಕ್ಕಿಂತ ಜಾಸ್ತಿ ದುಡ್ಡು ವಾಪಸ್ ಬಂದಾಯ್ತಲ್ಲ, ಇನ್ನೂ ಯಾಕೆ ಬೆನ್ನು ಹತ್ತಿದ್ದಾರೆ?’ ಇನ್ನೊಂದು, ‘ಲಂಡನ್ ಕೋರ್ಟೇ ಕಳಿಸಿಕೊಡಿ ಅಂದ ಮೇಲೂ ಯಾಕೆ ಬಂದಿಲ್ಲ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಕೇಳುವವರು ಎರಡು ಬೇರೆ ಬೇರೆ ಕೇಸುಗಳನ್ನು ಒಂದೇ ಅಂದುಕೊಂಡಿರುತ್ತಾರೆ. ದುಡ್ಡಿನ ತೀರ್ಪು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ದಾರಿ ಬೇರೆ, ಮನುಷ್ಯನನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಪ್ಪಿಸುವ ದಾರಿ ಬೇರೆ. ಮಲ್ಯ ಪ್ರಕರಣದಲ್ಲಿ ಎರಡೂ ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ನಡೆದವು. ಕಲಿಯೋಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗೋದು ಕಷ್ಟ.

ಮೊದಲು ಒಂದು ಪದದ ಗೊಂದಲ ಬಿಡಿಸೋಣ. ನಮ್ಮ ಟೀವಿಗಳು ಇದನ್ನು ‘ಗಡೀಪಾರು’ ಅಂತ ಕರೆಯುತ್ತವೆ. ಆದರೆ ಚುನಾವಣೆ ಬಂದಾಗ ಪೊಲೀಸರು ರೌಡಿಶೀಟರ್‌ನನ್ನು ಜಿಲ್ಲೆಯಿಂದ ಹೊರಗೆ ಹಾಕೋದೂ ಗಡೀಪಾರೇ. ಅದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಲಸ. ವೀಸಾ ಮುಗಿದವನನ್ನು ವಿಮಾನ ಹತ್ತಿಸಿ ಕಳಿಸೋದನ್ನೂ ಹಾಗೇ ಅನ್ನುತ್ತಾರೆ. ಒಂದು ಸರ್ಕಾರ ‘ಈತ ನಮ್ಮಲ್ಲಿ ಅಪರಾಧದ ಆರೋಪಿ, ವಿಚಾರಣೆಗೆ ಒಪ್ಪಿಸಿ’ ಎಂದು ಇನ್ನೊಂದು ಸರ್ಕಾರವನ್ನು ಕೇಳುವುದು ಇವೆರಡೂ ಅಲ್ಲ. ಅದಕ್ಕೆ ಇಲ್ಲಿ ‘ಹಸ್ತಾಂತರ’ ಅಂತಲೇ ಬರೆಯುತ್ತೇನೆ.

ತಿಪಟೂರಿನ ಡಿಕ್ರಿ ಎಷ್ಟು ದೂರ ಹೋಗುತ್ತೆ?

ನೊಣವಿನಕೆರೆಯ ಕೊಬ್ಬರಿ ವ್ಯಾಪಾರಿಯೊಬ್ಬರು ದಿಲ್ಲಿಯ ಖರೀದಿದಾರನಿಗೆ ಎರಡು ಲೋಡು ಉಂಡೆ ಕೊಬ್ಬರಿ ಕಳಿಸಿದರು, ದುಡ್ಡು ಬರಲಿಲ್ಲ, ತಿಪಟೂರು ಕೋರ್ಟಿನಲ್ಲಿ ದಾವೆ ಹಾಕಿ ಗೆದ್ದರು ಅಂತಿಟ್ಟುಕೊಳ್ಳಿ. ಖರೀದಿದಾರನ ಆಸ್ತಿಯೆಲ್ಲ ದಿಲ್ಲಿಯಲ್ಲಿದೆ. ಆಗ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಂ ಪ್ರಕಾರ ತಿಪಟೂರು ಕೋರ್ಟು ತನ್ನ ಡಿಕ್ರಿಯನ್ನು ದಿಲ್ಲಿ ಕೋರ್ಟಿಗೆ ವರ್ಗಾಯಿಸುತ್ತೆ. ಅಲ್ಲಿನ ನ್ಯಾಯಾಧೀಶರು ‘ಈ ತೀರ್ಪು ಸರಿಯೋ ತಪ್ಪೋ’ ಅಂತ ಮತ್ತೆ ವಿಚಾರಣೆ ಮಾಡೋ ಹಾಗಿಲ್ಲ, ಜಾರಿ ಮಾಡಬೇಕಷ್ಟೇ.

ಅದೇ ಖರೀದಿದಾರ ದುಬೈಯಲ್ಲೋ ಲಂಡನ್ನಿನಲ್ಲೋ ಇದ್ದರೆ? ತಿಪಟೂರಿನ ನ್ಯಾಯಾಧೀಶರ ಸಹಿಗೆ ಅಲ್ಲಿ ತನ್ನಷ್ಟಕ್ಕೆ ಬೆಲೆಯಿಲ್ಲ. ಅಲ್ಲಿನ ಕೋರ್ಟು ಅದನ್ನು ‘ಮಾನ್ಯ’ ಮಾಡಬೇಕು. ಈ ಮಾನ್ಯತೆ ಎರಡು ಕಡೆಗೂ ಹರಿಯುತ್ತೆ. ಹೊರಗಿನ ತೀರ್ಪು ನಮ್ಮಲ್ಲಿ ನಡೆಯಬೇಕಾದರೆ 13 ಮತ್ತು 44ಎ ಕಲಂಗಳು. ನಮ್ಮ ತೀರ್ಪು ಬ್ರಿಟನ್‌ನಲ್ಲಿ ನಡೆಯಬೇಕಾದರೆ ಅವರ 1933ರ ವಿದೇಶಿ ತೀರ್ಪುಗಳ ಕಾಯ್ದೆ. 1958ರ ಆದೇಶವೊಂದರಿಂದ ಭಾರತ ಅದರ ಪಟ್ಟಿಯಲ್ಲಿದೆ.

ಬೆಂಗಳೂರಿನ ಕಾಗದ ಲಂಡನ್ನಿನಲ್ಲಿ

ಈಗ ನಿಜವಾದ ಕೇಸಿಗೆ ಬರೋಣ. ಮಲ್ಯ 2002ರಲ್ಲಿ ಮತ್ತು 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಮತ ಹಾಕಿದ್ದು ನಮ್ಮದೇ ಶಾಸಕರು, ಒಂದಲ್ಲ ಒಂದು ಸಲ ಮೂರೂ ದೊಡ್ಡ ಪಕ್ಷಗಳ ಬೆಂಬಲ ಅವರಿಗೆ ಸಿಕ್ಕಿತ್ತು ಅನ್ನೋದನ್ನು ಈಗ ಯಾರೂ ನೆನಪು ಮಾಡಿಕೊಳ್ಳಲ್ಲ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಎಸ್‌ಬಿಐ ಮುಂದಾಳತ್ವದ ಬ್ಯಾಂಕುಗಳು 2013ರಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದವು. ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. 2017ರ ಜನವರಿ 19ರಂದು ನ್ಯಾಯಮಂಡಳಿ 6,203 ಕೋಟಿ ರೂ., ಜೊತೆಗೆ ವರ್ಷಕ್ಕೆ ಶೇ. 11.5ರ ಬಡ್ಡಿ ವಸೂಲು ಮಾಡಿ ಅಂತ ಆದೇಶ ಕೊಟ್ಟಿತು.

ಈ ಆದೇಶವನ್ನು ಬ್ಯಾಂಕುಗಳು 2017ರ ನವೆಂಬರ್‌ನಲ್ಲಿ ಲಂಡನ್ ಹೈಕೋರ್ಟಿನಲ್ಲಿ ನೋಂದಾಯಿಸಿದವು. ಜೊತೆಗೆ ಜಗತ್ತಿನಲ್ಲಿ ಎಲ್ಲಿದ್ದರೂ ಮಲ್ಯ ಆಸ್ತಿ ಮಾರಬಾರದು ಅನ್ನೋ ತಡೆಯಾಜ್ಞೆಯನ್ನೂ ತಂದವು. ಮಲ್ಯ ಎರಡನ್ನೂ ಪ್ರಶ್ನಿಸಿದರು. 2018ರ ಮೇ 8ರಂದು ನ್ಯಾಯಾಧೀಶ ಆಂಡ್ರೂ ಹೆನ್ಶಾ ಆ ಅರ್ಜಿಯನ್ನು ತಳ್ಳಿಹಾಕಿದರು. ಮೊತ್ತ ಸುಮಾರು 114.5 ಕೋಟಿ ಪೌಂಡ್. ಮುಂದಿನ ತಿಂಗಳು ಹರ್ಟ್‌ಫರ್ಡ್‌ಶೈರ್‌ನ ಟೆವಿನ್ ಹಳ್ಳಿಯಲ್ಲಿರುವ ಮಲ್ಯರ ಮನೆಗೆ ಜಾರಿ ಅಧಿಕಾರಿಗಳು ಹೋಗಬಹುದು ಅಂತಲೂ ಕೋರ್ಟು ಹೇಳಿತು. ಬೆಂಗಳೂರಿನ ಒಂದು ನ್ಯಾಯಮಂಡಳಿಯ ಕಾಗದ ಇಂಗ್ಲೆಂಡಿನ ಹಳ್ಳಿಮನೆಯ ಬಾಗಿಲು ತಟ್ಟಿತು! 2021ರ ಜುಲೈ 26ರಂದು ಅಲ್ಲಿನ ಕೋರ್ಟು ಮಲ್ಯರನ್ನು ದಿವಾಳಿ ಅಂತ ಘೋಷಿಸಿತು, 2025ರ ಏಪ್ರಿಲ್‌ನಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿ: 1933ರ ಕಾಯ್ದೆ ಮುಟ್ಟೋದು ನಿಗದಿತ ಮೊತ್ತದ ತೀರ್ಪನ್ನು ಮಾತ್ರ. ತೆರಿಗೆ, ದಂಡ ಇಂಥವುಗಳಿಗೆ ಅಲ್ಲಿ ಜಾಗವಿಲ್ಲ. ನಮ್ಮ 44ಎ ಕಲಂನಲ್ಲೂ ಇದೇ ನಿಯಮ. ‘ಈತ ತಪ್ಪಿತಸ್ಥ’ ಅಥವಾ ‘ಈತ ನಿರ್ದೋಷಿ’ ಅನ್ನುವ ಕ್ರಿಮಿನಲ್ ತೀರ್ಪನ್ನು ಇನ್ನೊಂದು ದೇಶದಲ್ಲಿ ಹೀಗೆ ನೋಂದಾಯಿಸೋ ಕೌಂಟರೇ ಇಲ್ಲ.

ಅದೇ ಊರು, ಬೇರೆ ಕೋರ್ಟು

ಭಾರತ ಮತ್ತು ಬ್ರಿಟನ್ ನಡುವಿನ ಹಸ್ತಾಂತರ ಒಪ್ಪಂದ 1992ರದ್ದು, ಜಾರಿಗೆ ಬಂದದ್ದು 1993ರಲ್ಲಿ. ಅದರಡಿ ಭಾರತ 2017ರಲ್ಲಿ ಕೋರಿಕೆ ಕಳಿಸಿತು. ಏಪ್ರಿಲ್ 18ರಂದು ಮಲ್ಯರ ಬಂಧನ, ಅವತ್ತೇ ಜಾಮೀನು. ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಎಮ್ಮಾ ಆರ್ಬತ್ನಾಟ್ ಅವರ ಮುಂದೆ ವಿಚಾರಣೆ. ಮುಂಬೈಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನಲ್ಲಿ ಗಾಳಿ ಬೆಳಕು ಇದೆಯಾ ಅಂತ ವಿಡಿಯೊ ತರಿಸಿ ನೋಡಿದ್ದು ಇದೇ ವಿಚಾರಣೆಯಲ್ಲಿ. 2018ರ ಡಿಸೆಂಬರ್ 10ರಂದು ಹಸ್ತಾಂತರಕ್ಕೆ ಒಪ್ಪಿಗೆ. 2019ರ ಫೆಬ್ರವರಿಯಲ್ಲಿ ಗೃಹ ಕಾರ್ಯದರ್ಶಿ ಸಾಜಿದ್ ಜಾವಿದ್ ಸಹಿ. 2020ರ ಏಪ್ರಿಲ್ 20ರಂದು ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ. ಮೇ 14ರಂದು ಸುಪ್ರೀಂ ಕೋರ್ಟಿಗೆ ಹೋಗಲು ಅನುಮತಿಯೂ ಇಲ್ಲ ಅಂತಾಯ್ತು. ಅದೇ ದಿನ ಮಲ್ಯ ಟ್ವೀಟ್ ಮಾಡಿ, ಸಾಲ ಪೂರ್ತಿ ತೀರಿಸ್ತೀನಿ, ದುಡ್ಡು ತಗೊಂಡು ಕೇಸ್ ಮುಗಿಸಿ ಅಂತ ಸರ್ಕಾರವನ್ನು ಕೇಳಿದ್ದರು.

ಆಮೇಲೆ ಎಲ್ಲ ನಿಂತಿತು. ಹಸ್ತಾಂತರಕ್ಕೆ ಮುಂಚೆ ಇತ್ಯರ್ಥವಾಗಬೇಕಾದ ಗೋಪ್ಯ ಕಾನೂನು ವಿಚಾರವೊಂದು ಬಾಕಿ ಇದೆ ಅಂತ ಬ್ರಿಟನ್ ಭಾರತಕ್ಕೆ ಹೇಳಿತು. ‘ಲಂಡನ್ ಕೋರ್ಟು ಹೇಳಿದ ಮೇಲೂ ಯಾಕೆ ಬರಲಿಲ್ಲ’ ಅನ್ನೋ ಪ್ರಶ್ನೆಗೆ ಅಧಿಕೃತವಾಗಿ ಸಿಕ್ಕ ಉತ್ತರ ಅಷ್ಟೇ.

ಇನ್ನು ಮೊದಲನೇ ಪ್ರಶ್ನೆ. ದುಡ್ಡು ವಾಪಸ್ ಬಂದರೆ ಹಸ್ತಾಂತರ ಯಾಕೆ ನಿಲ್ಲಲ್ಲ? ಲಂಡನ್ನಿನ ಮ್ಯಾಜಿಸ್ಟ್ರೇಟ್ ಮುಂದೆ ಇದ್ದ ಪ್ರಶ್ನೆ ‘ಸಾಲ ತೀರಿತಾ’ ಅನ್ನೋದಲ್ಲ. 2009ರಲ್ಲಿ ಐಡಿಬಿಐ ಬ್ಯಾಂಕಿನಿಂದ ಸಾಲ ಎತ್ತುವಾಗ ಕಂಪನಿಯ ಸ್ಥಿತಿಯ ಬಗ್ಗೆ ಸುಳ್ಳು ಹೇಳಲಾಯ್ತು ಅನ್ನೋ ಆರೋಪಕ್ಕೆ ಮೇಲ್ನೋಟದ ಸಾಕ್ಷ್ಯ ಇದೆಯಾ, ಅದು ಎರಡೂ ದೇಶಗಳಲ್ಲಿ ಅಪರಾಧವಾ, ಒಪ್ಪಿಸಲು ಏನಾದರೂ ಅಡ್ಡಿ ಇದೆಯಾ ಅನ್ನೋದು. ಸಾಲ ತೀರಿಸದೇ ಇರೋದು ತಾನಾಗಿಯೇ ಅಪರಾಧ ಅಲ್ಲ. ಹಾಗೇ, ಸುಳ್ಳು ಹೇಳಿ ಸಾಲ ಪಡೆದದ್ದು ನಿಜವಾಗಿದ್ದರೆ, ಆಮೇಲೆ ತೀರಿಸಿದ ಮಾತ್ರಕ್ಕೆ ಅದು ಇಲ್ಲವಾಗಲ್ಲ. ಈ ಆರೋಪವನ್ನು ಮಲ್ಯ ಉದ್ದಕ್ಕೂ ನಿರಾಕರಿಸಿದ್ದಾರೆ, ಲಂಡನ್ ಕೋರ್ಟುಗಳು ಅವರನ್ನು ತಪ್ಪಿತಸ್ಥ ಅಂತ ಹೇಳಿಯೂ ಇಲ್ಲ. ವಿಚಾರಣೆ ನಡೆಸುವಷ್ಟು ಸಾಮಗ್ರಿ ಇದೆ ಅಂತ ಹೇಳಿವೆ, ಅಷ್ಟೇ.

‘ನನ್ನ ಹತ್ರ ಇನ್ನೊಂದು ದೇಶದ ತೀರ್ಪಿದೆ’ ಅಂದರೆ?

ಕ್ರಿಮಿನಲ್ ಕೇಸಿಗೆ ಹೊರಗಿನ ತೀರ್ಪನ್ನು ಗುರಾಣಿ ಮಾಡಿಕೊಳ್ಳುವ ಪ್ರಯತ್ನಗಳು ನಮ್ಮ ಕೋರ್ಟುಗಳಿಗೆ ಹೊಸದಲ್ಲ. ನನಗೆ ಇವುಗಳಲ್ಲಿ ಅತಿ ಮುಖ್ಯ ಅನಿಸೋದು 1991ರ ಸುಪ್ರೀಂ ಕೋರ್ಟ್ ತೀರ್ಪು. ತಿರುಪತಿಯಲ್ಲಿ ಮದುವೆಯಾದ ಜೋಡಿ. ಗಂಡ ಅಮೆರಿಕಕ್ಕೆ ಹೋಗಿ ಮಿಸೌರಿಯ ಕೋರ್ಟಿನಿಂದ 1980ರಲ್ಲಿ ಡಿವೋರ್ಸ್ ತಂದ, ಇಲ್ಲಿ ಬಂದು ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ಕ್ರಿಮಿನಲ್ ದೂರು ಕೊಟ್ಟರು. ಗಂಡ ಮಿಸೌರಿ ತೀರ್ಪಿನ ಜೆರಾಕ್ಸ್ ತೋರಿಸಿದ, ಮ್ಯಾಜಿಸ್ಟ್ರೇಟ್ ಅವನನ್ನು ಬಿಟ್ಟುಬಿಟ್ಟರು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಜೆರಾಕ್ಸ್ ಸಾಲದು, ದೃಢೀಕೃತ ಪ್ರತಿ ಬೇಕು. ಅದಕ್ಕಿಂತ ದೊಡ್ಡ ಮಾತು: ಹಿಂದೂ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಆ ಕೋರ್ಟಿನ ಅಧಿಕಾರಕ್ಕೆ ಒಪ್ಪದೇ ಇದ್ದಾಗ ಮುರಿದ ತೀರ್ಪಿಗೆ ಇಲ್ಲಿ ಮಾನ್ಯತೆ ಇಲ್ಲ. ಅಮೆರಿಕದಲ್ಲಿ ಕೇಸು ನಡೆಸಲು ಟಿಕೆಟ್ಟಿಗೂ ಗತಿಯಿಲ್ಲದ ಹೆಂಗಸರನ್ನು ನೆನೆಸಿಕೊಂಡರೆ ಈ ತೀರ್ಪಿನ ತೂಕ ಗೊತ್ತಾಗುತ್ತೆ. ಕಲಂ 13 ಹೇಳೋ ಆರು ಅಡ್ಡಿಗಳ ಸಾರವೂ ಇದೇ: ಅಧಿಕಾರವಿಲ್ಲದ ಕೋರ್ಟು, ವಾದ ಕೇಳದೆ ಕೊಟ್ಟ ತೀರ್ಪು, ನಮ್ಮ ಕಾನೂನನ್ನು ಕಡೆಗಣಿಸಿದ್ದು, ಸಹಜ ನ್ಯಾಯಕ್ಕೆ ವಿರುದ್ಧವಾದದ್ದು, ಮೋಸದಿಂದ ಪಡೆದದ್ದು, ಇಲ್ಲಿನ ಕಾನೂನು ಮುರಿಯುವ ಹಕ್ಕಿನ ಮೇಲೆ ನಿಂತದ್ದು.

ಹಸ್ತಾಂತರಕ್ಕೇ ಬಂದರೆ, ಹೊರಗಿನ ಅಥವಾ ಹಿಂದಿನ ತೀರ್ಪು ಕೆಲಸಕ್ಕೆ ಬರೋದು ಹೆಚ್ಚಾಗಿ ಎರಡು ಕಿಟಕಿಗಳ ಮೂಲಕ. ಒಂದನೆಯದು, ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಬೇಡ ಅನ್ನೋ ನಿಯಮ. ತಹವ್ವುರ್ ರಾಣಾ ಇದನ್ನೇ ಹಿಡಿದು ಅಮೆರಿಕದಲ್ಲಿ ವರ್ಷಗಟ್ಟಲೆ ಹೋರಾಡಿದ. 2011ರಲ್ಲಿ ಷಿಕಾಗೋದ ಜ್ಯೂರಿ ಅವನನ್ನು ಮುಂಬೈ ದಾಳಿಯ ಸಂಚಿನ ಆರೋಪದಿಂದ ಬಿಡುಗಡೆ ಮಾಡಿತ್ತು, ಬೇರೆ ಆರೋಪಗಳಲ್ಲಿ ಶಿಕ್ಷೆಯಾಗಿತ್ತು. ಆ ತೀರ್ಪು ಇರುವಾಗ ಭಾರತಕ್ಕೆ ಹೇಗೆ ಕಳಿಸ್ತೀರಿ ಅಂತ ಅವನ ವಾದ. ಅಮೆರಿಕದ ಕೋರ್ಟುಗಳು, ಘಟನೆ ಒಂದೇ ಆದರೂ ಭಾರತದ ಆರೋಪಗಳ ಅಂಶಗಳು ಬೇರೆ, ಹಾಗಾಗಿ ‘ಅದೇ ಅಪರಾಧ’ ಅಲ್ಲ ಅಂದವು. 2025ರ ಏಪ್ರಿಲ್ 10ರಂದು ಅವನನ್ನು ದಿಲ್ಲಿಗೆ ತರಲಾಯಿತು. ನಮ್ಮ ಸುಪ್ರೀಂ ಕೋರ್ಟು 2010ರಲ್ಲಿ ನಟಿ ಮೋನಿಕಾ ಬೇಡಿಯ ನಕಲಿ ಪಾಸ್‌ಪೋರ್ಟ್ ಕೇಸಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಲಿಸ್ಬನ್‌ನಲ್ಲಿ ಶಿಕ್ಷೆಯಾಗಿದೆ ಅನ್ನೋ ಕಾರಣಕ್ಕೆ ಇಲ್ಲಿನ ಕೇಸು ಬಿದ್ದುಹೋಗಲಿಲ್ಲ.

ಎರಡನೇ ಕಿಟಕಿ, ಯಾವ ಆರೋಪಕ್ಕೆ ಅಂತ ಹೇಳಿ ಕರೆತಂದಿರೋ ಅದಕ್ಕೆ ಮಾತ್ರ ವಿಚಾರಣೆ ಮಾಡಬೇಕು ಅನ್ನೋದು. ನಮ್ಮ 1962ರ ಹಸ್ತಾಂತರ ಕಾಯ್ದೆಯ 21ನೇ ಕಲಂ. ಮಲ್ಪೆ ಮೂಲದ ರವಿ ಪೂಜಾರಿಯನ್ನು 2019ರಲ್ಲಿ ಸೆನೆಗಲ್‌ನಲ್ಲಿ ಹಿಡಿದು 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಕರೆತಂದರಲ್ಲ, ಅಂಥ ಪ್ರತಿಯೊಂದು ಪ್ರಕರಣಕ್ಕೂ ಈ ಕಲಂ ಹಗ್ಗದಂತೆ ಕಟ್ಟಿಕೊಂಡಿರುತ್ತೆ.

ಈ ಹಗ್ಗವನ್ನು ಎಳೆದು ನೋಡಿದವನು ಅಬು ಸಲೇಂ. 2005ರ ನವೆಂಬರ್‌ನಲ್ಲಿ ಪೋರ್ಚುಗಲ್ ಅವನನ್ನು ಒಪ್ಪಿಸಿತು. ಗಲ್ಲು ಇಲ್ಲ, 25 ವರ್ಷಕ್ಕಿಂತ ಹೆಚ್ಚು ಜೈಲಿಲ್ಲ ಅಂತ ಭಾರತ ಸರ್ಕಾರ ಮಾತು ಕೊಟ್ಟಿತ್ತು. ಇಲ್ಲಿ ಬಂದ ಮೇಲೆ ಹಸ್ತಾಂತರದ ಆದೇಶದಲ್ಲಿ ಇಲ್ಲದ ಹೆಚ್ಚುವರಿ ಆರೋಪಗಳು ಸೇರಿಕೊಂಡವು. ಸಲೇಂ ಲಿಸ್ಬನ್ ಕೋರ್ಟಿಗೆ ದೂರಿದ, 2011ರಲ್ಲಿ ಅಲ್ಲಿನ ಕೋರ್ಟು ‘ಒಪ್ಪಂದ ಮುರಿದಿದ್ದೀರಿ, ಹಸ್ತಾಂತರದ ಅನುಮತಿ ರದ್ದು’ ಅಂದಿತು. ಪೋರ್ಚುಗಲ್‌ನ ಮೇಲಿನ ಕೋರ್ಟುಗಳಲ್ಲೂ ಅದು ಉಳಿಯಿತು. ಅಂದರೆ ಕೈಯಲ್ಲಿ ಅಂತಿಮ ವಿದೇಶಿ ತೀರ್ಪೇ ಇತ್ತು! 2013ರ ಆಗಸ್ಟ್ 5ರಂದು ಭಾರತದ ಸುಪ್ರೀಂ ಕೋರ್ಟು ಆ ತೀರ್ಪು ನಮ್ಮನ್ನು ಕಟ್ಟಿಹಾಕಲ್ಲ ಅಂದಿತು. ಆದರೆ ಅದೇ ಆದೇಶದಲ್ಲಿ, ಹೆಚ್ಚುವರಿ ಆರೋಪಗಳನ್ನು ಹಿಂದಕ್ಕೆ ಪಡೆಯಲು ಸಿಬಿಐಗೆ ಅವಕಾಶ ಕೊಟ್ಟಿತು. ಬಾಯಲ್ಲಿ ‘ಮಾನ್ಯ ಇಲ್ಲ’, ಕೆಲಸದಲ್ಲಿ ಅರ್ಧ ಮಾನ್ಯ. 2022ರ ಜುಲೈ 11ರಂದು 25 ವರ್ಷದ ಮಾತನ್ನು ಕೇಂದ್ರ ಉಳಿಸಿಕೊಳ್ಳಲೇಬೇಕು ಅಂತಲೂ ಹೇಳಿತು. ಕಾಕತಾಳೀಯ ನೋಡಿ, ಮಕ್ಕಳ ಹೆಸರಿಗೆ 4 ಕೋಟಿ ಡಾಲರ್ ವರ್ಗಾಯಿಸಿದ ನ್ಯಾಯಾಂಗ ನಿಂದನೆ ಕೇಸಿನಲ್ಲಿ ಮಲ್ಯರಿಗೆ ನಾಲ್ಕು ತಿಂಗಳ ಜೈಲು ಮತ್ತು 2,000 ರೂ. ದಂಡ ವಿಧಿಸಿದ್ದೂ ಅದೇ ದಿನ, ಅದೇ ಸುಪ್ರೀಂ ಕೋರ್ಟಿನ ಬೇರೆ ಪೀಠ.

ಹಾಗಾದರೆ ಹಸ್ತಾಂತರವನ್ನು ಮುಗಿಸೋ ತೀರ್ಪು ಯಾವುದು?

ಕೋರಿಕೆ ಕಳಿಸಿದ ದೇಶದ್ದೇ ತೀರ್ಪು. ಹಸ್ತಾಂತರ ಅನ್ನೋದು ಬಳ್ಳಿ ಇದ್ದ ಹಾಗೆ, ಬೇರು ಇರೋದು ಕೋರಿಕೆ ಕಳಿಸಿದ ದೇಶದ ಕೇಸಿನಲ್ಲಿ. ಭಾರತದ ಕೋರ್ಟು ಎಫ್‌ಐಆರ್, ಚಾರ್ಜ್‌ಶೀಟ್ ರದ್ದು ಮಾಡಿದರೆ ಲಂಡನ್ನಿನಲ್ಲಿ ಕೋರಿಕೆಗೆ ನಿಲ್ಲಲು ನೆಲವೇ ಇರಲ್ಲ. ಬ್ಯಾಂಕ್ ಜೊತೆ ರಾಜಿಯಾದ ಮೇಲೆ ಕ್ರಿಮಿನಲ್ ಕೇಸು ರದ್ದಾದ ಉದಾಹರಣೆಗಳಿವೆ. ಆದರೆ ದೊಡ್ಡ ಆರ್ಥಿಕ ಅಪರಾಧಗಳಲ್ಲಿ ರಾಜಿಯನ್ನು ಸುಲಭವಾಗಿ ಒಪ್ಪಬೇಡಿ ಅಂತಲೂ ಸುಪ್ರೀಂ ಕೋರ್ಟು 2012ರಿಂದ ಮತ್ತೆ ಮತ್ತೆ ಹೇಳಿದೆ.

ಅಷ್ಟರಲ್ಲಿ 2025ರ ನವೆಂಬರ್ ಬಂತು. ಸ್ಟರ್ಲಿಂಗ್ ಬಯೋಟೆಕ್‌ನ ಸಂದೇಸರಾ ಸಹೋದರರು ದೇಶಭ್ರಷ್ಟ ಆರ್ಥಿಕ ಅಪರಾಧಿಗಳು ಅಂತ ಘೋಷಿತರಾದವರು. ಡಿಸೆಂಬರ್ 17ರೊಳಗೆ 5,100 ಕೋಟಿ ರೂ. ಕಟ್ಟಿದರೆ ಅವರ ಮೇಲಿನ ಕ್ರಿಮಿನಲ್ ಕೇಸುಗಳನ್ನು ಮುಗಿಸಬಹುದು ಅಂತ ಸುಪ್ರೀಂ ಕೋರ್ಟು ಆದೇಶಿಸಿತು. ಇದನ್ನು ಪೂರ್ವನಿದರ್ಶನ ಅಂತ ತಗೋಬೇಡಿ ಅಂತಲೂ ಅದರಲ್ಲಿದೆ. ಆದರೆ ಇಂಥ ಸಾಲು ಬರೆದ ಮಾತ್ರಕ್ಕೆ ಉಳಿದವರ ವಕೀಲರು ಕಣ್ಣು ಮುಚ್ಚಿಕೊಳ್ಳುತ್ತಾರಾ? ಕೊಬ್ಬರಿ ಬೆಲೆ ಬಿದ್ದು ಸೊಸೈಟಿ ಸಾಲಕ್ಕೆ ನೋಟಿಸ್ ಬಂದ ರೈತನಿಗೆ ಈ ಬಾಗಿಲು ತೆರೆಯಲ್ಲ, ದೇಶ ಬಿಟ್ಟು ಹೋಗಿ ಕೂತವರಿಗೆ ತೆರೆಯುತ್ತೆ ಅನ್ನೋ ಭಾವನೆ ಹುಟ್ಟಿದರೆ ತಪ್ಪು ರೈತನದ್ದಲ್ಲ.

ಮಲ್ಯರ ಲೆಕ್ಕಕ್ಕೆ ಬರೋಣ. 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಲೋಕಸಭೆಯಲ್ಲಿ, ಮಲ್ಯರ ಆಸ್ತಿಯಿಂದ 14,131.6 ಕೋಟಿ ರೂ. ಸಾರ್ವಜನಿಕ ಬ್ಯಾಂಕುಗಳಿಗೆ ಮರಳಿದೆ ಅಂದರು. ಇದನ್ನೇ ಹಿಡಿದು ಮಲ್ಯ ಕರ್ನಾಟಕ ಹೈಕೋರ್ಟಿಗೆ ಹೋದರು: ವಸೂಲಿಯ ಪೂರ್ತಿ ಲೆಕ್ಕ ಕೊಡಿಸಿ ಅಂತ. 2025ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆ ನೋಟಿಸ್ ಹೋಯಿತು. ‘6,203ಕ್ಕೆ 14,131, ಎರಡು ಪಟ್ಟಿಗಿಂತ ಹೆಚ್ಚು’ ಅನ್ನೋದು ಕೇಳೋಕೆ ಚೆನ್ನಾಗಿದೆ, ಆದರೆ ಆ ಹೋಲಿಕೆಯಲ್ಲಿ ಬಡ್ಡಿಯೇ ಇಲ್ಲ. ಸರಳ ಬಡ್ಡಿ ಅಂತ ಹಿಡಿದರೂ 6,203 ಕೋಟಿಗೆ ಶೇ. 11.5ರಂತೆ ವರ್ಷಕ್ಕೆ ಸುಮಾರು 713 ಕೋಟಿ. ಯಾವ ವರ್ಷ ಎಷ್ಟು ವಸೂಲಾಯಿತು ಅನ್ನೋದರ ಮೇಲೆ ಬಾಕಿ ಏರಿಳಿಯುತ್ತೆ. ಹಾಗಾಗಿ ನನ್ನ ಪ್ರಕಾರ ಲೆಕ್ಕ ಕೇಳೋ ಹಕ್ಕು ಮಲ್ಯರಿಗೂ ಇದೆ, ಠೇವಣಿ ಇಟ್ಟ ನಮಗೂ ಇದೆ. ಬ್ಯಾಂಕುಗಳು ಅದನ್ನು ಸಾಲು ಸಾಲಾಗಿ ಬಿಚ್ಚಿಡಬೇಕು. ಆದರೆ ಆ ಲೆಕ್ಕ ಚುಕ್ತಾ ಆದರೂ ಮುಗಿಯೋದು ದುಡ್ಡಿನ ಕೇಸು ಮಾತ್ರ.

ನಮ್ಮ ಮನೆಗಳಿಗೆ ಬಂದರೆ

ಇದೆಲ್ಲ ದೊಡ್ಡವರ ಕತೆ ಅನ್ನಬೇಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹುಡುಗ ಹುಡುಗಿಯರು ಇವತ್ತು ದುಬೈಯಲ್ಲೂ ಇದ್ದಾರೆ, ಡಲ್ಲಾಸ್‌ನಲ್ಲೂ ಇದ್ದಾರೆ. ಅಮೆರಿಕದ ಡಿವೋರ್ಸ್ ಆದೇಶ ಕೈಯಲ್ಲಿದೆ, ಇಲ್ಲಿ ವರದಕ್ಷಿಣೆ ಕೇಸು ಬಾಕಿ ಇದೆ, ಲುಕ್‌ಔಟ್ ನೋಟಿಸ್ ಆಗಿದೆ ಅನ್ನೋ ಪರಿಸ್ಥಿತಿ ಅಪರೂಪವೇನಲ್ಲ. ಅಲ್ಲಿನ ಡಿವೋರ್ಸ್ ಇಲ್ಲಿನ ಕ್ರಿಮಿನಲ್ ಕೇಸನ್ನು ತಾನಾಗಿ ಮುಗಿಸಲ್ಲ. ಇಲ್ಲಿನ ಹೈಕೋರ್ಟಿನಲ್ಲಿ ರದ್ದತಿಗೆ ಅರ್ಜಿ ಹಾಕಿ, ಆ ತೀರ್ಪನ್ನು ದೃಢೀಕೃತ ಪ್ರತಿಯಾಗಿ, ಅಪಾಸ್ಟಿಲ್ ಮುದ್ರೆ ಹಾಕಿಸಿ ಮುಂದಿಡಬೇಕು. ಇಬ್ಬರೂ ಒಪ್ಪಿ, ಇಬ್ಬರೂ ಹಾಜರಾಗಿ ಪಡೆದ ಆದೇಶವಾದರೆ ಕೆಲಸ ಹಗುರ. ಒಬ್ಬರ ಬೆನ್ನ ಹಿಂದೆ ತಂದದ್ದಾದರೆ 1991ರ ತೀರ್ಪು ಎದುರಿಗೆ ನಿಂತಿರುತ್ತೆ.

ದುಡ್ಡಿನ ಡಿಕ್ರಿಗೆ ದೇಶ ಯಾವುದು ಅನ್ನೋದು ಮುಖ್ಯ. ಬ್ರಿಟನ್, ಸಿಂಗಪುರ, ನ್ಯೂಜಿಲೆಂಡ್ ನಮ್ಮ 44ಎ ಪಟ್ಟಿಯಲ್ಲಿವೆ, 2020ರ ಜನವರಿಯಿಂದ ಯುಎಇಯೂ ಸೇರಿದೆ. ಅಂದರೆ ದುಬೈಯಲ್ಲಿ ಬ್ಯಾಂಕ್ ಸಾಲ ಬಿಟ್ಟು ಊರಿಗೆ ಬಂದವರ ಮೇಲೆ ಅಲ್ಲಿನ ಸಿವಿಲ್ ಡಿಕ್ರಿ ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ನೇರ ಜಾರಿಗೆ ಬರಬಹುದು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪನ್ನು ಆಧಾರ ಮಾಡಿಕೊಂಡು ಇಲ್ಲಿ ಹೊಸ ದಾವೆಯನ್ನೇ ಹಾಕಬೇಕು, ಗಡುವು ಮೂರು ವರ್ಷ.

ಗಡುವಿನ ವಿಷಯದಲ್ಲಿ ಬ್ಯಾಂಕುಗಳೇ ಎಡವಿವೆ. ವೈಶ್ಯ ಬ್ಯಾಂಕಿನ ವಿರುದ್ಧ ಬ್ಯಾಂಕ್ ಆಫ್ ಬರೋಡಾಗೆ 1995ರಲ್ಲಿ ಲಂಡನ್ನಿನಲ್ಲಿ ಡಿಕ್ರಿ ಸಿಕ್ಕಿತ್ತು. ಜಾರಿಗಾಗಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬಂದದ್ದು 2009ರಲ್ಲಿ, 14 ವರ್ಷ ಬಿಟ್ಟು. ಸಿವಿಲ್ ಕೋರ್ಟು ತಡವಾಯ್ತು ಅಂತು, ಹೈಕೋರ್ಟೂ ಅದನ್ನೇ ಅಂತು. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ದೇಶದ ಗಡುವೇ ಇಲ್ಲೂ ಅನ್ವಯ ಅಂತ ಹೇಳಿ ಬ್ಯಾಂಕಿನ ಮೇಲ್ಮನವಿಯನ್ನು ವಜಾ ಮಾಡಿತು. ಡಿಕ್ರಿ ಗೆದ್ದದ್ದು, ದುಡ್ಡು ಬರಲಿಲ್ಲ.